ಮುಂದಿನ ಮೀಟಿಂಗಿಗೆ ಬಿಟ್ಟ ಲಿಫ್ಟು

ನಿಮ್ಮ ಅಜ್ಜನಿಗೆ ಲಕ್ವಾ ಹೊಡೆದದ್ದು ನಿಮಗೆ ಗೊತ್ತು. ಆಮೇಲೆ ಅವರು ನಡೆಯಲೇ ಇಲ್ಲ ಎನ್ನುವುದೂ ಗೊತ್ತು. ನಡೆಯಬಹುದಿತ್ತು ಎನ್ನುವುದನ್ನು ಮಾತ್ರ ನಿಮಗೆ ಯಾರೂ ಹೇಳಿಲ್ಲ. ನಿಮ್ಮ ಅವ್ವ ಹೇಳಲು ಕೂತರೆ ಸಿಟ್ಟು ಬಂದು ಮಾತು ಅರ್ಧಕ್ಕೇ ನಿಂತುಬಿಡುತ್ತದೆ. ನನಗೆ ಎದುರು ಕೂತು ಹೇಳುವುದಕ್ಕಿಂತ ಬರೆಯುವುದು ಹಗುರ. ಕನ್ನಡ ಓದುವುದು ನಿಮಗೆ ನಿಧಾನವೆಂದು ಸಣ್ಣ ಸಣ್ಣ ವಾಕ್ಯ ಬರೆಯುತ್ತೇನೆ. ತಿಳಿಯದ ಕಡೆ ಅವ್ವನನ್ನು ಕೇಳಿ.

ಸಯನ್‌ನ ನಮ್ಮ ಬಿಲ್ಡಿಂಗ್ ಹಳೆಯದು, ಲಿಫ್ಟ್ ಇಲ್ಲ. ನಾವಿದ್ದದ್ದು ಮೂರನೆಯ ಮಹಡಿ. ಮೆಟ್ಟಿಲು ಕಿರಿದು, ಎರಡು ಮಹಡಿಗಳ ನಡುವೆ ಗಕ್ಕನೆ ಒಂದು ತಿರುವು. ಮದುವೆಯಾಗಿ ಬಂದ ಹೊಸದರಲ್ಲಿ ಆ ಮೆಟ್ಟಿಲು ನನಗೆ ಲೆಕ್ಕಕ್ಕೇ ಇರಲಿಲ್ಲ. ಊರಲ್ಲಿ ಬಾವಿಯಿಂದ ಕೊಡ ಹೊತ್ತು ಬೆಳೆದವಳು. ನಿಮ್ಮ ಅವ್ವನನ್ನು ಸೊಂಟದ ಮೇಲಿಟ್ಟುಕೊಂಡು ತರಕಾರಿ ಚೀಲ ಹಿಡಿದು ಹತ್ತುತ್ತಿದ್ದೆ. ಲಕ್ವಾ ಹೊಡೆದ ದಿನ ಅದೇ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಹಾಕಿಕೊಂಡಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಕೊನೆಗೆ ನಮ್ಮ ಊಟದ ಕುರ್ಚಿಯ ಮೇಲೆ ಕೂರಿಸಿ, ಸೀರೆಯಿಂದ ಕಟ್ಟಿ, ನಾಲ್ಕು ಜನ ಎತ್ತಿಕೊಂಡು ಇಳಿದರು.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ಎಡಗೈ ಬರುವುದು ಕಷ್ಟ, ಎಡಗಾಲು ಮಾತ್ರ ಬರಬಹುದು ಎಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ದಿನ ಬಿಟ್ಟು ದಿನ ಕರೆದುಕೊಂಡು ಬನ್ನಿ, ಇಲ್ಲಿ ಕಬ್ಬಿಣದ ಸರಳು ಹಿಡಿದು ನಡೆಸುತ್ತೇವೆ. ಮೊದಲ ಕೆಲವು ತಿಂಗಳು ಮುಖ್ಯ, ಆಮೇಲೆ ಕಾಲು ಎಲ್ಲಿರುತ್ತದೋ ಅಲ್ಲೇ ಉಳಿಯುತ್ತದೆ ಎಂದರು. ಮನೆಯಲ್ಲೇ ಮಾಡಿಸಿದರೆ ಆಗದೇ ಎಂದು ಕೇಳಿದೆ. ಮಲಗಿ ಮಾಡುವ ವ್ಯಾಯಾಮ ಮಾಡಿಸಬಹುದು, ನಡಿಗೆ ಬರುವುದು ನಡೆದರೆ ಮಾತ್ರ ಎಂದರು.

ಅಂದಿನಿಂದ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ, ದಿನ ಬಿಟ್ಟು ದಿನ ನಿಮ್ಮ ಅಜ್ಜನನ್ನು ಕೆಳಗೆ ಇಳಿಸಬೇಕು.

ಇಳಿಸುವುದಕ್ಕೆ ನಾಲ್ಕು ಜನ ಬೇಕು, ಮತ್ತೆ ಹತ್ತಿಸುವುದಕ್ಕೆ ನಾಲ್ಕು ಜನ. ಬೆಳಿಗ್ಗೆ ಎದ್ದು ನಾನು ಬಾಗಿಲು ಬಾಗಿಲು ತಟ್ಟುತ್ತಿದ್ದೆ. ಆ ಕೆಲಸ ನನಗೆ ಎಷ್ಟು ಹಿಂಸೆಯೆಂದು ನಿಮಗೆ ಹೇಗೆ ಹೇಳಲಿ. ಒಬ್ಬರ ಮನೆಯಲ್ಲಿ ಸಕ್ಕರೆ ಕೇಳಿದವಳಲ್ಲ ನಾನು. ಒಳಗೆ ಟಿವಿಯ ಸದ್ದು, ಕುಕ್ಕರಿನ ಸದ್ದು, ಡಬ್ಬಿ ಕಟ್ಟುವ ಗಡಿಬಿಡಿ. ಬಾಗಿಲು ತೆರೆದವರು ನನ್ನ ಮುಖ ನೋಡಿದ ಕೂಡಲೇ ವಿಷಯ ತಿಳಿಯುತ್ತಿದ್ದರು. ಬರುವುದಿಲ್ಲ ಎಂದು ಒಬ್ಬರೂ ಹೇಳಲಿಲ್ಲ. ಒಬ್ಬರಿಗೆ ಅವತ್ತು ಬೆನ್ನುನೋವು, ಇನ್ನೊಬ್ಬರಿಗೆ ಲೋಕಲ್ ಟ್ರೇನು ತಪ್ಪುತ್ತದೆ, ನಾಳೆ ಖಂಡಿತ ಬರುತ್ತೇನೆ ಎನ್ನುತ್ತಿದ್ದರು. ಅವರದೂ ಸುಳ್ಳಲ್ಲ. ಎಂಟೂವರೆಯ ಲೋಕಲ್ ಹಿಡಿಯುವ ಮನುಷ್ಯ ಎಷ್ಟು ದಿನ ಹೆಗಲು ಕೊಟ್ಟಾನು? ದಿನ ಬಿಟ್ಟು ದಿನ ಹೋಗಬೇಕಾದದ್ದು ವಾರಕ್ಕೊಮ್ಮೆಯಾಯಿತು. ಆಮೇಲೆ ಅದೂ ಇಲ್ಲ.

ತಪ್ಪದೆ ಬರುತ್ತಿದ್ದವರು ಒಬ್ಬರು, ಗ್ರೌಂಡ್ ಫ್ಲೋರಿನ ಹೋಟೆಲಿನವರು. ಉಡುಪಿ ಕಡೆಯವರು. ಸ್ಟೇಷನ್ ಹತ್ತಿರ ಅವರ ಹೋಟೆಲು. ನನ್ನನ್ನು ಅಕ್ಕ ಎನ್ನುತ್ತಿದ್ದರು. ಹೋಟೆಲಿನಿಂದ ಇಬ್ಬರು ಹುಡುಗರನ್ನು ಕರೆತಂದು, ತಾವೂ ಲುಂಗಿ ಎತ್ತಿಕಟ್ಟಿ ಕುರ್ಚಿಯ ಹಿಂದಿನ ಕಾಲು ಹಿಡಿಯುತ್ತಿದ್ದರು. ಭಾರವೆಲ್ಲ ಬೀಳುವುದು ಆ ಕಡೆಯೇ. ನಾಲ್ಕನೆಯವರು ಸಿಗದ ದಿನ ಅವರೂ ಏನು ಮಾಡಿಯಾರು.

ಆಗಲೇ ನಿಮ್ಮ ಅಜ್ಜ ಲಿಫ್ಟಿನ ಮಾತು ತೆಗೆದದ್ದು. ಅವರು ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅಲ್ಲಿಯ ಯೂನಿಯನ್ನಿನ ಸಭೆಗಳ ನಡಾವಳಿ ಬರೆಯುತ್ತಿದ್ದವರೂ ಅವರೇ. ಯಾವ ಕೆಲಸವೂ ಬಾಯಿಮಾತಿನಲ್ಲಿ ಆಗುವುದಿಲ್ಲ, ಸಭೆ ಕೈ ಎತ್ತಿ ಒಪ್ಪಿದ ಠರಾವಿನಲ್ಲಿ ಆಗುತ್ತದೆ ಎನ್ನುವುದು ಅವರ ನಂಬಿಕೆ. ನಾನು ದೇವರನ್ನು ನಂಬಿದಷ್ಟು ಅವರು ಸಭೆಯನ್ನು ನಂಬಿದ್ದರು. ಲಕ್ವಾ ಬಲಗೈ ಮುಟ್ಟಿರಲಿಲ್ಲ. ದಿಂಬಿಗೆ ಒರಗಿ, ತೊಡೆಯ ಮೇಲೆ ರೊಟ್ಟಿಯ ಮಣೆ ಇಟ್ಟುಕೊಂಡು ಬರೆದರು. ನಮ್ಮ ಕಟ್ಟಡಕ್ಕೆ ಹಿಂದಿನ ಗೋಡೆಗೆ ಹೊಂದಿಸಿ ಲಿಫ್ಟ್ ಹಾಕಿಸಬೇಕು ಮತ್ತು ಆ ಕೆಲಸ ಕೂಡಲೇ ಶುರುವಾಗಬೇಕು ಎಂದು ಈ ಸಭೆ ಠರಾಯಿಸುತ್ತದೆ. ಮೊದಲು ಕನ್ನಡದಲ್ಲಿ ನನಗೆ ಓದಿ ಹೇಳಿದರು, ಆಮೇಲೆ ಇಂಗ್ಲಿಷಿನಲ್ಲಿ ಬರೆದರು. ಮನೆ ನಮ್ಮಿಬ್ಬರ ಹೆಸರಿನಲ್ಲಿತ್ತು. ಅವರು ಇಳಿಯಲಾರರು, ಆದ್ದರಿಂದ ಬಿಲ್ಡಿಂಗಿನ ಸೊಸೈಟಿಯ ಸಭೆಗೆ ನಾನು ಹೋಗಬೇಕೆಂದಾಯಿತು.

"ನನಗ ಏನೂ ತಿಳಿಯಂಗಿಲ್ರಿ," ಎಂದೆ.

"ತಿಳಿಯೂದು ಏನೈತಿ ಅದರಾಗ? ಠರಾವು ತಂದಂವ, ಸೂಚಕ, ನಾನು. ನೀ ನನ್ನ ಪರವಾಗಿ ಕುಂದ್ರು. ಅವರು ಓದ್ತಾರ, ಕೈ ಎತ್ತಂತಾರ, ನೀ ಎತ್ತು. ಮಾತು ಏನರ ಬದಲು ಮಾಡೂದಿದ್ರ ಸೂಚಕನ್ನ ಕೇಳs ಮಾಡಬೇಕು. ನನ್ನ ಕೇಳ್ತಾರ."

ನಮ್ಮ ಸಭೆ ನಡೆಯುವುದು ಕಾಂಪೌಂಡಿನಲ್ಲಿ, ನೀರಿನ ಪಂಪಿನ ಪಕ್ಕ, ಪ್ಲಾಸ್ಟಿಕ್ ಕುರ್ಚಿ ಹಾಕಿ. ಹೇಳಿದ ಹೊತ್ತಿಗೆ ಬೇಕಾದಷ್ಟು ಜನ ಸೇರುವುದಿಲ್ಲ. ಸೆಕ್ರೆಟರಿ ಗಡಿಯಾರ ನೋಡಿ, ಸಭೆಯನ್ನು ಅರ್ಧ ಗಂಟೆ ಮುಂದೂಡಿದೆ ಎನ್ನುತ್ತಾರೆ. ಮುಂದೂಡಿದ ಸಭೆಗೆ ಎಷ್ಟು ಜನವಿದ್ದರೂ ನಡೆಯುತ್ತದಂತೆ. ಅದು ಎಲ್ಲರಿಗೂ ಗೊತ್ತಿರುವುದರಿಂದ ಎಲ್ಲರೂ ಅರ್ಧ ಗಂಟೆ ತಡಮಾಡಿಯೇ ಬರುತ್ತಾರೆ. ನಾನು ಮೊದಲೇ ಹೋಗಿ ಹಿಂದಿನ ಸಾಲಿನಲ್ಲಿ ಒಬ್ಬಳೇ ಕೂತಿದ್ದೆ. ಅಜೆಂಡಾದಲ್ಲಿ ನಮ್ಮ ವಿಷಯ ಕೊನೆಯದು. ನೀರಿನ ಟಾಕಿ ತೊಳೆಸುವುದು, ಪಾರಿವಾಳಕ್ಕೆ ಕಾಳು ಹಾಕಬಾರದು, ಸ್ಕೂಟರು ಎಲ್ಲಿ ನಿಲ್ಲಿಸಬೇಕು, ಇದೆಲ್ಲ ಮುಗಿದು ಬಿಸಿಲು ಕುರ್ಚಿಗೆ ಬಂದಾಗ ನಿಮ್ಮ ಅಜ್ಜನ ಠರಾವು ಓದಿದರು.

ಎಲ್ಲರೂ ಒಳ್ಳೆಯ ಮಾತೇ ಆಡಿದರು. ಅವರಂಥ ಸಜ್ಜನರಿಗೆ ಹೀಗಾಗಬಾರದಿತ್ತು ಎಂದು ಒಬ್ಬರು ಮರಾಠಿಯಲ್ಲಿ ಹೇಳಿದರೆ, ಲಿಫ್ಟ್ ಆಗಲೇಬೇಕು, ನಾಳೆ ನಮಗೂ ವಯಸ್ಸಾಗುತ್ತದೆ ಎಂದು ಇನ್ನೊಬ್ಬರು ಹಿಂದಿಯಲ್ಲಿ ಹೇಳಿದರು. ನನ್ನ ಕಣ್ಣು ತುಂಬಿ ಬಂತು. ಆಮೇಲೆ ಸೆಕ್ರೆಟರಿ ಎದ್ದರು. ಅವರು ಧಾರವಾಡದ ಕಡೆಯವರು, ಬ್ಯಾಂಕಿನಿಂದ ರಿಟೈರ್ ಆದವರು, ತುಂಬಾ ಮೆದು ಮಾತಿನವರು. ಇಷ್ಟು ಮುಖ್ಯವಾದ ವಿಷಯವನ್ನು ಹಸಿದ ಹೊಟ್ಟೆಯಲ್ಲಿ ಅವಸರವಾಗಿ ಮುಗಿಸುವುದು ಸರಿಯಲ್ಲ, ಶಬ್ದಗಳನ್ನು ಸ್ವಲ್ಪ ಸರಿಮಾಡಿ ಮುಂದಿನ ಮೀಟಿಂಗಿಗೆ ತರೋಣ ಎಂದರು. ಎಲ್ಲರೂ ತಲೆಯಾಡಿಸಿದರು. ಹೋಟೆಲಿನವರು ವಡೆ, ಚಹಾ ತರಿಸಿದ್ದರು. ನನ್ನ ಕೈಯಲ್ಲೂ ಒಂದು ವಡೆ ಬಂತು.

ಮೇಲೆ ಹೋಗಿ ಹೇಳಿದೆ. ನಿಮ್ಮ ಅಜ್ಜನಿಗೆ ಬೇಸರವೇ ಆಗಲಿಲ್ಲ. ಮುಂದೂಡಿದರು ಅಂದರೆ ತಳ್ಳಿಹಾಕಿದರು ಅಂತಲ್ಲ, ಠರಾವು ಜೀವಂತ ಇದೆ ಎಂದರು.

ಕೆಲವು ದಿನಕ್ಕೆ ಸೆಕ್ರೆಟರಿ ಮನೆಗೆ ಬಂದರು. ಅವರು ಬರುತ್ತಾರೆ ಎಂದು ನಿಮ್ಮ ಅಜ್ಜ ನನ್ನಿಂದ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಸಿಕೊಂಡಿದ್ದರು. ಎಡತೋಳು ಅಂಗಿಯೊಳಗೆ ತೂರಿಸುವುದಕ್ಕೇ ಎಷ್ಟೋ ಹೊತ್ತು ಹಿಡಿಯಿತು. ಇಬ್ಬರೂ ಮಂಚದ ಪಕ್ಕ ಕೂತು ಶಬ್ದ ತಿದ್ದಿದರು. ಕಾಯಿಲೆ ಬಿದ್ದಮೇಲೆ ನಿಮ್ಮ ಅಜ್ಜನನ್ನು ನಾನು ಅಷ್ಟು ಖುಷಿಯಾಗಿ ನೋಡಿರಲಿಲ್ಲ. ಕೂಡಲೇ ಎನ್ನುವ ಮಾತು ಸ್ವಲ್ಪ ಒರಟಾಯಿತು, ಅದನ್ನು ತೆಗೆಯೋಣ ಎಂದರು ಸೆಕ್ರೆಟರಿ. ಆಗಲಿ ಎಂದರು ಇವರು. ಹಾಕಿಸಬೇಕು ಎಂದರೆ ಕೆಳಗಿನ ಮನೆಯವರು ಬೆದರುತ್ತಾರೆ, ಹಾಕಿಸುವ ಬಗ್ಗೆ ಪರಿಶೀಲಿಸಬೇಕು ಎಂದು ಬರೆದರೆ ಎಲ್ಲರೂ ಕೈ ಎತ್ತುತ್ತಾರೆ, ಒಮ್ಮೆ ಪಾಸಾದರೆ ಮುಂದಿನದು ಸಲೀಸು ಎಂದರು. ಇವರು ಅದಕ್ಕೂ ಒಪ್ಪಿದರು. ಸೂಚಕನನ್ನು ಕೇಳಿಯೇ ಬದಲು ಮಾಡುತ್ತಿದ್ದಾರೆ ಎನ್ನುವ ಮರ್ಯಾದೆಯೇ ಅವರಿಗೆ ದೊಡ್ಡದಾಗಿತ್ತು. ನಾನು ಅಡಿಗೆಮನೆಯಲ್ಲಿ ಚಹಾ ಸೋಸುತ್ತಾ ನಿಂತಿದ್ದೆ. ಕೂಡಲೇ ಎನ್ನುವುದನ್ನು ಯಾಕೆ ತೆಗೆಸಿದಿರಿ ಎಂದು ಕೇಳಬೇಕೆನ್ನಿಸಿತು. ಡಾಕ್ಟರಮ್ಮ ಹೇಳಿದ್ದು ಅದನ್ನೇ ಅಲ್ಲವೇ. ಕೇಳದೆ ಚಹಾದ ಕಪ್ಪು-ಬಸಿ ಅವರ ಮುಂದೆ ಇಟ್ಟು ಬಂದೆ.

"ವೈನಿ, ನೀವು ಕಾಳಜಿ ಬಿಡ್ರಿ," ಎಂದರು ಸೆಕ್ರೆಟರಿ ಹೋಗುವಾಗ. "ನಾ ಇದ್ದೀನಲ್ಲ."

ಅವರು ಕೆಟ್ಟವರಲ್ಲ. ಇದನ್ನು ನೀವು ಸರಿಯಾಗಿ ತಿಳಿದುಕೊಳ್ಳಬೇಕು. ನಮ್ಮ ಬಿಲ್ಡಿಂಗಿನಲ್ಲಿ ಯಾರೂ ಕೆಟ್ಟವರಿರಲಿಲ್ಲ. ಲಿಫ್ಟಿನ ಗೂಡು ಕಟ್ಟಿದರೆ ಗ್ರೌಂಡ್ ಫ್ಲೋರಿನ ಹೋಟೆಲಿನವರ ಅಡಿಗೆಮನೆಗೆ ಬೆಳಕಿಲ್ಲ, ಗಾಳಿಯಿಲ್ಲ. ಒಂದನೆಯ ಮಹಡಿಯವರಿಗೆ ಲಿಫ್ಟೇ ಬೇಕಾಗಿಲ್ಲ. ಮೇಲಿನವರಿಗೆ ಬೇಕು, ಆದರೆ ಕೆಳಗಿನವರ ಜೊತೆ ಜಗಳ ಬೇಡ. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಲಿಫ್ಟ್ ಬೇಡವಾಗಿತ್ತು. ಹಾಸಿಗೆ ಹಿಡಿದ ಮನುಷ್ಯನ ಠರಾವಿನ ವಿರುದ್ಧ ಕೈ ಎತ್ತುವುದಕ್ಕೆ ಮಾತ್ರ ಒಬ್ಬರಿಗೂ ಮನಸ್ಸು ಬರಲಿಲ್ಲ. ಬೇಡ ಎನ್ನಬಾರದು ಎಂದೇ ಅವರು ಮುಂದೂಡುತ್ತಿದ್ದರು. ಶಬ್ದ ಬದಲಿಸುತ್ತಿದ್ದರು.

ಮುಂದಿನ ಮೀಟಿಂಗಿನಲ್ಲಿ ಪರಿಶೀಲಿಸಬೇಕು ಎನ್ನುವುದರ ಹಿಂದೆ ಎಂಜಿನಿಯರರ ಅಭಿಪ್ರಾಯ ಪಡೆದು ಎಂದು ಸೇರಿಸಬೇಕೆಂದು ಯಾರೋ ಹೇಳಿದರು. ಸೇರಿಸಿ ತನ್ನಿ ಎಂದು ಮತ್ತೆ ಮುಂದೂಡಿದರು. ಸೆಕ್ರೆಟರಿ ಮತ್ತೆ ಮನೆಗೆ ಬಂದರು, ನಾನು ಮತ್ತೆ ಅಂಗಿ ತೊಡಿಸಿದೆ, ಚಹಾ ಮಾಡಿದೆ. ಅದರ ಮುಂದಿನ ಸಲ ಆ ಅಭಿಪ್ರಾಯ ನೋಡಲು ಒಂದು ಸಣ್ಣ ಸಮಿತಿ ಬೇಕು ಎಂದಾಯಿತು. ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ನಿಮ್ಮ ಅಜ್ಜ ಬೇಗ ಗುಣವಾಗಲಿ ಎಂದು ಕೈಮುಗಿದ ಚಿತ್ರಗಳು ಬರುತ್ತಿದ್ದವು. ಅವರು ಕನ್ನಡಕ ಹಾಕಿಕೊಂಡು ಒಂದೊಂದಕ್ಕೂ ಬಲಗೈ ಹೆಬ್ಬೆರಳಿನಲ್ಲಿ ಧನ್ಯವಾದ ಒತ್ತುತ್ತಿದ್ದರು.

ನಾನು ದಿನಾ ಅವರ ಎಡಗಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಕಾಲು ಸಣ್ಣಗಾಗುವುದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ತಿಳಿಯುತ್ತದೆ. ಮೊದಮೊದಲು ಹೆಬ್ಬೆರಳು ಅಲ್ಲಾಡಿಸಿ ಎಂದರೆ ಅಲ್ಲಾಡಿಸುತ್ತಿದ್ದರು. ಆಮೇಲೆ ಮನಸ್ಸಿಟ್ಟು, ಹಲ್ಲು ಕಚ್ಚಿ, ಹಣೆಯ ಮೇಲೆ ಬೆವರು ಬಂದರೂ ಅದು ಸುಮ್ಮನಿರುತ್ತಿತ್ತು. ಹಾಗಾದ ದಿನ ನನಗೆ ಊಟ ಇಳಿಯುತ್ತಿರಲಿಲ್ಲ. ಅವರೆದುರು ಕೂತು ಉಂಡಂತೆ ಮಾಡಿ ತಟ್ಟೆ ತೊಳೆದಿಡುತ್ತಿದ್ದೆ.

ನಿಮ್ಮ ಅವ್ವ ವಿಲೆ ಪಾರ್ಲೆಯಿಂದ ಕೆಲಸ ಮುಗಿಸಿ ಬರುತ್ತಿದ್ದಳು. ನಿಮ್ಮ ಮನೆಯಲ್ಲಿ ಆಗ ನಿಮ್ಮ ಅಪ್ಪನ ತಂದೆ ತಾಯಿಯೂ ಇದ್ದರು. ಮನೆ ಸಣ್ಣದು, ಅದೂ ಮೆಟ್ಟಿಲು ಹತ್ತಿಯೇ ಹೋಗಬೇಕು. ಅಲ್ಲಿಗೆ ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಒಂದು ದಿನ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು. ಆಂಟಾಪ್ ಹಿಲ್‌ನಲ್ಲಿ ಅವಳ ಗೆಳತಿಯ ಮನೆ, ಗ್ರೌಂಡ್ ಫ್ಲೋರು, ಬಾಗಿಲಿನ ಎದುರೇ ರಸ್ತೆ. ಗೆಳತಿಯ ಮನೆಯವರು ಬೇರೆ ಕಡೆ ಹೋಗುತ್ತಿದ್ದಾರೆ, ಬಾಡಿಗೆಗೆ ಕೊಡುತ್ತಾರೆ. ಗಾಲಿಕುರ್ಚಿ ಬಾಗಿಲಲ್ಲೇ ಟ್ಯಾಕ್ಸಿಗೆ ಹತ್ತಿಸಬಹುದು. ಯಾರ ಬಾಗಿಲನ್ನೂ ತಟ್ಟಬೇಕಾಗಿಲ್ಲ. ಆದರೆ ಬರುವ ಭಾನುವಾರದೊಳಗೆ ಹೇಳಬೇಕು, ಬೇರೆಯವರೂ ಕೇಳುತ್ತಿದ್ದಾರೆ.

ನಿಮ್ಮ ಅಜ್ಜ ಒಪ್ಪಲಿಲ್ಲ.

"ನನ್ನ ಠರಾವು ಬಾಕಿ ಐತಿ. ಸೂಚಕನs ಬಿಟ್ಟು ಓಡಿ ಹ್ವಾದ ಅಂದ್ರ ಅದು ಅಲ್ಲೇ ಬಿದ್ದು ಹೋಗ್ತದ. ಭಾನುವಾರ ಮೀಟಿಂಗ್ ಐತಿ, ಆಗ್ತದ ಈ ಸಲ."

"ಅಪ್ಪಾ, ಅವರು ನಿಮ್ಮನ್ನ ಆಟಾ ಆಡಸ್ಲಿಕ್ಕತ್ತಾರ," ಎಂದಳು ನಿಮ್ಮ ಅವ್ವ.

"ಆಟಾ ಆಡ್ಸೋರು ಮನಿಗೆ ಬಂದು ಶಬ್ದ ತಿದ್ದತಾರೇನವಾ? ಬ್ಯಾಡ ಅನ್ನೋರಾಗಿದ್ರ ಇಷ್ಟೊತ್ತಿಗೆ ಬ್ಯಾಡ ಅಂತಿದ್ರು. ಠರಾವು ಸಭಾದಾಗ ಒಮ್ಮೆ ಬಿದ್ರ ನಾ ಎದ್ದು ಬರ್ತೀನಿ, ಹೇಳಿದಲ್ಲಿ ಬರ್ತೀನಿ. ಬೀಳದನs ಹೆಂಗ ಬರ್ಲಿ?"

ಅವಳು ಅಳುತ್ತಾ ಹೋದಳು. ನಾನು ಅವರ ಮಾತನ್ನೇ ತಲೆಯಲ್ಲಿ ತಿರುಗಿಸುತ್ತಾ ಕೂತೆ. ಸಭೆಯಲ್ಲಿ ಬಿದ್ದರೆ ಬರುತ್ತೇನೆ ಎಂದಿದ್ದರು. ಕೊಟ್ಟ ಮಾತಿಗೆ ತಪ್ಪುವವರಲ್ಲ. ಹಾಗಾದರೆ ಬೀಳಬೇಕು. ಗಂಡನ ಕಾಲು ಉಳಿಯಬೇಕಾದರೆ ಗಂಡನ ಠರಾವು ಬೀಳಬೇಕು, ಅದೂ ಈ ಭಾನುವಾರ. ಬೀಳಿಸುವವರು ಯಾರು?

ಶನಿವಾರ ಮಧ್ಯಾಹ್ನ ಹೋಟೆಲಿನವರು ಊಟಕ್ಕೆ ಮನೆಗೆ ಬಂದದ್ದು ನೋಡಿ ಇಳಿದು ಹೋದೆ. ಅವರ ಹೆಂಡತಿ ಒಳಗೆ ಕೂರಿಸಿ ಮಜ್ಜಿಗೆ ಕೊಟ್ಟರು. ಅಡಿಗೆಮನೆಯ ಕಿಟಕಿಯಿಂದ ಬೆಳಕು ನೆಲದ ಮೇಲೆ ಬಿದ್ದಿತ್ತು. ಇಡೀ ಮನೆಗೆ ಅದೊಂದೇ ಬೆಳಕು. ಹೋಟೆಲಿನವರು ಕೈ ತೊಳೆದು ಬಂದು, ಸೋಮವಾರ ಆಸ್ಪತ್ರೆಗಾ, ಹುಡುಗರನ್ನು ಕರೆಸಲಾ ಎಂದು ಕೇಳಿದರು.

"ಆಸ್ಪತ್ರಿಗಲ್ರಿ ಅಣ್ಣಾ. ನಾಳೆ ಮೀಟಿಂಗಿನ್ಯಾಗ ನೀವು ಲಿಫ್ಟ್ ಬ್ಯಾಡ ಅಂತ ಕೈ ಎತ್ತಬೇಕು."

ಅವರು ಕೈಯೊರೆಸಿದ ಟವಲನ್ನು ಹೆಗಲಿಗೆ ಹಾಕಿಕೊಂಡರು.

"ಎಂತ ಅಕ್ಕ ನೀವು ಹೇಳುದು? ಯಜಮಾನ್ರ ಠರಾವಿಗೆ ನಾನು ಕೈ ಎತ್ತುದಾ? ನಾನು ಅಂಥ ಮನುಷ್ಯ ಅಂತ ಯಾರು ಹೇಳಿದ್ದು ನಿಮ್ಗೆ?"

"ಯಾರೂ ಹೇಳಿಲ್ರಿ. ಖರೇ ಹೇಳ್ರಿ, ನಿಮಗ ಲಿಫ್ಟ್ ಬೇಕಾಗೇತೇನು?"

ಅವರು ಕಿಟಕಿಯ ಕಡೆ ನೋಡಿದರು. ಹೆಂಡತಿಯ ಕಡೆ ನೋಡಿದರು.

"ಬೇಡ," ಎಂದರು, ತಗ್ಗಿದ ದನಿಯಲ್ಲಿ. "ಆದ್ರೆ ಬೇಡ ಅಂತ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ ಅಕ್ಕ. ನಾಳೆ ಅವರ ಕುರ್ಚಿ ಹಿಡಿಯುವಾಗ ಅವರ ಮುಖ ಹೇಗೆ ನೋಡ್ಲಿ?"

ಆಂಟಾಪ್ ಹಿಲ್ ಮನೆಯ ವಿಷಯ ಹೇಳಿದೆ. ಡಾಕ್ಟರಮ್ಮ ಹೇಳಿದ್ದು ಹೇಳಿದೆ. ನನಗೆ ಗೊತ್ತಿದ್ದ ಮಾತೆಲ್ಲ ಮುಗಿಯುವ ತನಕ ಹೇಳಿದೆ. ಅವರು ಕಣ್ಣೊರೆಸಿಕೊಂಡರು. ಆದರೂ ಆಗಲಿ ಎನ್ನಲಿಲ್ಲ. ನೋಡುವ ಅಕ್ಕ, ನಾಳೆ ನೋಡುವ ಎಂದರು.

ಭಾನುವಾರ ಸಭೆಯಲ್ಲಿ ಸೆಕ್ರೆಟರಿ ಹೊಸ ಶಬ್ದಗಳನ್ನು ಓದಿದರು. ಅಷ್ಟರಲ್ಲಿ ನಿಮ್ಮ ಅಜ್ಜನ ಒಂದು ಸಾಲು ಒಂದು ಪುಟವಾಗಿತ್ತು. ಅದರಲ್ಲಿ ಲಿಫ್ಟ್ ಎಲ್ಲಿದೆ ಎಂದು ಹುಡುಕಬೇಕಿತ್ತು. ಓದಿ ಮುಗಿಸಿ, ಇನ್ನೊಂದು ಸಣ್ಣ ತಿದ್ದುಪಡಿ ಉಳಿದಿದೆ, ಮುಂದಿನ ಮೀಟಿಂಗಿಗೆ ಎಂದು ಅವರು ಹೇಳುತ್ತಿದ್ದಾಗ ನಾನು ಎದ್ದು ನಿಂತೆ. ಮುಂದಿನ ಕುರ್ಚಿಯ ಬೆನ್ನು ಹಿಡಿದೆ. ಹಿಂದಿ ನೆನಪಿಗೆ ಬರಲಿಲ್ಲ. ಸೆಕ್ರೆಟರಿಯವರನ್ನು ನೋಡಿ ಕನ್ನಡದಲ್ಲೇ ಹೇಳಿದೆ.

"ಭಾವಾರs, ಮುಂದ ಹಾಕಬ್ಯಾಡ್ರಿ. ಅವರು ಮೊದಲು ಹೆಂಗ ಬರದಿದ್ರೋ ಹಂಗs ಓದ್ರಿ. ಬ್ಯಾಡ ಅನ್ನೋರು ಕೈ ಎತ್ರಿ. ನನಗ ಸಿಟ್ಟಿಲ್ಲ, ಅವರಿಗೂ ಇಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಬ್ಯಾಡ ಅಂತರ ಅನ್ರಿ."

ಸೆಕ್ರೆಟರಿ ಅದನ್ನು ಹಿಂದಿಯಲ್ಲಿ ಹೇಳಿದರು. ಕಾಗದಗಳನ್ನು ಮಗುಚಿ ನಿಮ್ಮ ಅಜ್ಜನ ಮೊದಲ ಸಾಲನ್ನು ಓದಿದರು. ವಿರುದ್ಧ ಇರುವವರು ಎಂದರು.

ಒಂದು ಕೈಯೂ ಏಳಲಿಲ್ಲ. ನಾನು ಹೋಟೆಲಿನವರನ್ನು ನೋಡಿದೆ. ಅವರು ತಮ್ಮ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದರು.

ಪರವಾಗಿ ಇರುವವರು ಎಂದರು ಸೆಕ್ರೆಟರಿ. ಮುಂದಿನ ಸಾಲಿನಲ್ಲಿ ಒಬ್ಬರು ಕೈ ಎತ್ತಿದರು. ಅವರ ಪಕ್ಕದವರು ಎತ್ತಿದರು. ಆಮೇಲೆ ಎಲ್ಲರೂ. ಕೊನೆಗೆ ಹೋಟೆಲಿನವರೂ. ಯಾರೋ ಚಪ್ಪಾಳೆ ಹೊಡೆದರು, ಎಲ್ಲರೂ ಹೊಡೆದರು. ಹೆಂಗಸರು ಬಂದು ನನ್ನ ಹೆಗಲು ಹಿಡಿದರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದೆ. ಸಂತೋಷಕ್ಕೆ ಅಳುತ್ತಾಳೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಚಪ್ಪಾಳೆ ಮೂರನೆಯ ಮಹಡಿಗೆ ಕೇಳಿಸಿತ್ತು. ನಾನು ಬಾಗಿಲು ತೆಗೆಯುವಾಗ ನಿಮ್ಮ ಅಜ್ಜ ತಾವೇ ದಿಂಬು ಸರಿಸಿಕೊಂಡು ಅರ್ಧ ಎದ್ದು ಕೂತಿದ್ದರು. "ಸರ್ವಾನುಮತ?" ಎಂದು ಕೇಳಿದರು. ಹೌದೆಂದೆ. ಪೇಡೆ ತರಿಸಿ ಮನೆಮನೆಗೆ ಹಂಚಿ ಬಾ ಎಂದರು. ಹಂಚಿ ಬಂದೆ. ಪ್ರತಿ ಬಾಗಿಲಲ್ಲೂ ನನ್ನನ್ನು ಹೊಗಳಿದರು. ಸಂಜೆ ನಿಮ್ಮ ಅವ್ವ ಫೋನ್ ಮಾಡಿದಾಗ ನಾನು ಮಾತಾಡಲಾರದೆ ಅವರ ಕೈಗೆ ಕೊಟ್ಟೆ. ಲಿಫ್ಟ್ ಬರುತ್ತದೆ, ಆ ಮನೆ ಬೇಡ ಎಂದು ಅವರೇ ಹೇಳಿದರು. ಆ ಮನೆಗೆ ಬೇರೆಯವರು ಬಂದರು.

ಲಿಫ್ಟಿನ ಕೆಲಸದವರು ಯಾರೂ ಬರಲಿಲ್ಲ. ಸೆಕ್ರೆಟರಿಯನ್ನು ಕೇಳಿದರೆ ಮುಂದಿನ ಮೀಟಿಂಗಿನಲ್ಲಿ ಹಿಂದಿನ ಮೀಟಿಂಗಿನ ನಡಾವಳಿ ಓದಿ ಖಾಯಂ ಮಾಡಬೇಕು, ಆಮೇಲೆ ಎಂದರು. ಆ ಮೀಟಿಂಗಿಗೆ ಮೊದಲು ನಡಾವಳಿಯ ಪ್ರತಿಯನ್ನು ಎಲ್ಲರ ಮನೆಗೂ ಕೊಟ್ಟರು. ನಿಮ್ಮ ಅಜ್ಜ ಅದನ್ನು ಬೆಳಕಿಗೆ ಹಿಡಿದು ಓದಿದರು. ಮತ್ತೆ ಓದಿದರು. ಹಾಕಿಸಬೇಕು ಎಂದು ಸಭೆ ಒಪ್ಪಿದ ಸಾಲು ಅದರಲ್ಲಿರಲಿಲ್ಲ. ಲಿಫ್ಟ್ ಹಾಕಿಸುವುದಕ್ಕೆ ಸಭೆಯು ತಾತ್ವಿಕವಾಗಿ ಒಪ್ಪಿಗೆ ಸೂಚಿಸಿತು ಎಂದಿತ್ತು. ಈ ಸಲ ಸೆಕ್ರೆಟರಿ ಮನೆಗೆ ಬಂದಿರಲಿಲ್ಲ. ಸೂಚಕನನ್ನು ಕೇಳಿರಲಿಲ್ಲ.

"ತಾತ್ವಿಕ ಅಂದ್ರ ಏನ್ರಿ?" ಎಂದೆ.

ಅವರು ಗೋಡೆಯ ಕಡೆ ಮುಖ ಮಾಡಿ ಹೇಳಿದರು. "ಇಂಥಾ ಮಾತು ನಾನೂ ಭಾಳ ಬರದೀನಿ, ಆಫೀಸಿನ್ಯಾಗ. ಮಂದಿ ಹೊರಗ ಗದ್ದಲಾ ಮಾಡ್ಲಿಕ್ಕತ್ತಿದ್ರ ಸಾಹೇಬ್ರು ಕರದು ಹೇಳ್ತಿದ್ರು, ತಾತ್ವಿಕವಾಗಿ ಅಂತ ಹಾಕು, ಹೋಗ್ತಾರ ಅವರು. ಹಾಕ್ತಿದ್ದೆ. ಹೋಗ್ತಿದ್ರು."

ಸ್ವಲ್ಪ ಹೊತ್ತಿಗೆ, ಮಗಳಿಗೆ ಫೋನ್ ಹಚ್ಚು, ಆ ಆಂಟಾಪ್ ಹಿಲ್ ಮನೆ ಇನ್ನೂ ಇದೆಯೇನು ಕೇಳು ಎಂದರು. ಅದು ಹೋಗಿ ಎಷ್ಟೋ ದಿನವಾಗಿತ್ತು. ಅವರಿಗೂ ಗೊತ್ತಿತ್ತು. ಆದರೂ ನಾನು ಫೋನ್ ಮಾಡಿದೆ. ಬೇರೆ ಹುಡುಕುತ್ತೇನೆ ಎಂದಳು ನಿಮ್ಮ ಅವ್ವ. ಹುಡುಕಿದಳು ಪಾಪ, ರಜೆ ಹಾಕಿ ಬಿಸಿಲಲ್ಲಿ ತಿರುಗಿದಳು. ಸಿಕ್ಕ ಗ್ರೌಂಡ್ ಫ್ಲೋರುಗಳಿಗೆ ಮಳೆಗಾಲದಲ್ಲಿ ನೀರು ನುಗ್ಗುತ್ತಿತ್ತು, ಇಲ್ಲವೇ ಹಾಸಿಗೆ ಹಿಡಿದವರಿದ್ದಾರೆ ಎಂದ ಕೂಡಲೇ ಮಾಲೀಕರು ತಿಳಿಸುತ್ತೇವೆ ಎನ್ನುತ್ತಿದ್ದರು.

ನಾನು ಸೆಕ್ರೆಟರಿಯವರ ಮನೆಗೂ ಹೋದೆ. ನಮಗೆ ಲಿಫ್ಟ್ ಬೇಡ, ಆ ಠರಾವನ್ನು ವಾಪಸು ಕೊಡಿ, ಬೇಕಾದರೆ ಅವರು ಬರೆದುಕೊಡುತ್ತಾರೆ ಎಂದೆ. ಯಾಕೆ ಕೇಳಿದೆ ಎಂದು ಈಗ ನನಗೇ ತಿಳಿಯುವುದಿಲ್ಲ. ಅದರಿಂದ ಏನೂ ಸಿಗುವುದಿರಲಿಲ್ಲ. ಅವರ ಕೈಯಲ್ಲಿ ಅದು ಇರುವುದು ನನಗೆ ಸಹಿಸಲಾಗಲಿಲ್ಲ, ಅಷ್ಟೇ. ಅವರು ಕುರ್ಚಿ ಹಾಕಿ ಕೂರಿಸಿ ಸಮಾಧಾನವಾಗಿ ಹೇಳಿದರು. ಪಾಸಾದ ಠರಾವನ್ನು ಸೂಚಕ ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ ವೈನಿ, ರದ್ದು ಮಾಡಬೇಕಾದರೆ ಹೊಸ ಠರಾವು ಬೇಕು, ಅದನ್ನು ಮುಂದಿನ ಮೀಟಿಂಗಿಗೆ ತರಬಹುದು.

ಮತ್ತೆ ಆಸ್ಪತ್ರೆಗೆ ಹೋದದ್ದು ಬೇಸಿಗೆಯಲ್ಲಿ. ಹೋಟೆಲಿನವರೇ ಮೂವರು ಹುಡುಗರನ್ನು ಹೊಂದಿಸಿ ಕರೆತಂದರು. ನನ್ನ ಮುಖ ನೋಡದೆ ಕುರ್ಚಿಯ ಹಿಂದಿನ ಕಾಲು ಹಿಡಿದರು. ಡಾಕ್ಟರಮ್ಮ ಇವರ ಎಡಗಾಲನ್ನು ಮಡಚಿ, ಎಳೆದು, ಪಾದದ ಅಡಿಗೆ ಬೆರಳು ಒತ್ತಿ ನೋಡಿದರು. ಸರಳುಗಳ ನಡುವೆ ನಿಲ್ಲಿಸಿ ಇಬ್ಬರು ಹಿಡಿದರು. ಕಾಲು ನೆಲ ಮುಟ್ಟಿತು, ಭಾರ ಹಿಡಿಯಲಿಲ್ಲ. ಬೆಂಚಿನ ಮೇಲೆ ಕೂರಿಸಿ ನನ್ನನ್ನು ಬಾಗಿಲಿನ ಹೊರಗೆ ಕರೆದರು. ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳಿದರು. ಮೀಟಿಂಗ್ ಇತ್ತು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಇನ್ನು ಕರೆತರುವ ತೊಂದರೆ ತೆಗೆದುಕೊಳ್ಳಬೇಡಿ, ಮನೆಯಲ್ಲೇ ಆರಾಮವಾಗಿ ನೋಡಿಕೊಳ್ಳಿ ಎಂದರು. ಮೆದುವಾಗಿಯೇ ಹೇಳಿದರು, ಆದರೆ ನೇರವಾಗಿ ಹೇಳಿದರು. ಅಷ್ಟು ತಿಂಗಳಲ್ಲಿ ನನಗೆ ಬೇಡ ಎಂದು ಹೇಳಿದವರು ಅವರೊಬ್ಬರೇ.

ಒಳಗೆ ಬಂದೆ. ನಿಮ್ಮ ಅಜ್ಜ ಬೆಂಚಿನ ಮೇಲೆ ಬಲಗೈ ಊರಿ ಕೂತಿದ್ದರು. ಆ ಕಡೆ ಒಬ್ಬ ಮನುಷ್ಯ ಸರಳು ಹಿಡಿದು ನಡೆಯುತ್ತಿದ್ದ. ಅವನ ಕಾಲನ್ನೇ ನೋಡುತ್ತಿದ್ದರು.

"ಏನಂದ್ರು?"

ನಾನು ಅವರ ಅಂಗಿಯ ಎಡತೋಳು ಸರಿಮಾಡಿದೆ.

"ಮುಂದಿನ ಸಲ ನೋಡೂಣು ಅಂದ್ರು."

ಅವರು ನನ್ನ ಮುಖವನ್ನು ನೋಡಿದರು. ಇಡೀ ಜನ್ಮ ಇಂಥ ಶಬ್ದಗಳನ್ನು ಬರೆದವರು, ಅವರಿಗೆ ತಿಳಿಯದೆ ಇರುತ್ತದೆಯೇ.

"ಆತು," ಎಂದರು. "ಮುಂದಿನ ಸಲ ಜಲ್ದಿ ಬರೂಣು."